ಬಾನೆಟ್ಟಿನಡಿಯ ಹಣೆಬರಹ

ಗುಜರಾತಿನ ಹನ್ಸಲ್‌ಪುರದ ಕಾರ್ಖಾನೆಯಲ್ಲಿ ಹುಟ್ಟುವ ಕಾರುಗಳಿಗೆ ಜಾತಕ ಬರೆಸುವ ಪದ್ಧತಿ ಇದ್ದಿದ್ದರೆ ಜೋಯಿಸರಿಗೆ ಬಿಡುವೇ ಇರುತ್ತಿರಲಿಲ್ಲ. ಅಲ್ಲಿ ಸುಜುಕಿ ಫ್ರಾಂಕ್ಸ್ ಎಂಬ ಕಾರು ತಯಾರಾಗುತ್ತದೆ. ಕಾರ್ಖಾನೆ ಒಂದೇ, ಹೆಸರು ಒಂದೇ, ಮೂತಿಯಿಂದ ಬಾಲದವರೆಗೆ 3,995 ಮಿಲಿಮೀಟರಿನ ಮೈಕಟ್ಟೂ ಒಂದೇ. ಆದರೆ ಯಾವ ದೇಶಕ್ಕೆ ಹೋಗುವುದೆಂದು ಕಾಗದದಲ್ಲಿ ಬರೆದಿದೆಯೋ ಅದರ ಮೇಲೆ ಇಡೀ ಜನ್ಮ ನಿಂತಿರುತ್ತದೆ.

ಪೀಪಾವಾವ್ ಬಂದರಿನಲ್ಲಿ ಹಡಗು ಹತ್ತಿ ಜಪಾನಿಗೆ ಹೊರಡುವ ಫ್ರಾಂಕ್ಸ್ ಪೂರ್ವಜನ್ಮದ ಪುಣ್ಯವಂತ. ಅದಕ್ಕೆ 1.5 ಲೀಟರಿನ ಮೈಲ್ಡ್ ಹೈಬ್ರಿಡ್ ಎಂಜಿನ್, ಆರು ಗೇರಿನ ಆಟೊಮ್ಯಾಟಿಕ್, ಹಿಮ ಬೀಳುವ ಊರಿನವರು ಕೇಳಿದರೆ ನಾಲ್ಕೂ ಚಕ್ರಕ್ಕೆ ಎಳೆತ, ಎದುರಿಗೆ ಯಾರಾದರೂ ಅಡ್ಡ ಬಂದರೆ ತಾನೇ ಕಂಡು ಬ್ರೇಕು ಹಾಕುವ ವ್ಯವಸ್ಥೆ. ದಕ್ಷಿಣ ಆಫ್ರಿಕಕ್ಕೆ ಹೋಗುವುದರದ್ದು ಮಧ್ಯಮವರ್ಗದ ಜಾತಕ: 1.5 ಲೀಟರ್ ಉಂಟು, ಹೈಬ್ರಿಡ್ ಇಲ್ಲ. ಆಟೊಮ್ಯಾಟಿಕ್ ಉಂಟು, ನಾಲ್ಕೇ ಗೇರು. ಇನ್ನು ಹಡಗಿನ ಯೋಗವಿಲ್ಲದೆ ಹುಬ್ಬಳ್ಳಿಗೋ ಹಾಸನಕ್ಕೋ ಬರುವ ಫ್ರಾಂಕ್ಸಿಗೆ 1.2 ಲೀಟರ್. ಗೇರು ನೀವೇ ಹಾಕಿಕೊಳ್ಳಿ, ಇಲ್ಲವಾದರೆ ಎಎಂಟಿ ಎಂಬ ಯಂತ್ರಕ್ಕೆ ಒಪ್ಪಿಸಿ. ಇನ್ನಷ್ಟು ಕಾಸು ಬಿಚ್ಚುವವರಿಗೆ ಒಂದು ಲೀಟರಿನ ಟರ್ಬೊ ಇದೆ. ಅದಕ್ಕೆ ಆರು ಗೇರಿನ ಆಟೊಮ್ಯಾಟಿಕ್ಕೂ ಸಿಗುತ್ತದೆ ಎಂಬುದನ್ನು ನ್ಯಾಯವಾಗಿ ಹೇಳಿಬಿಡಬೇಕು. ಆದರೆ ಆ ಟರ್ಬೊ ಒಂದೇ ಲೀಟರಿನದು ಏಕೆ ಎಂಬುದರಲ್ಲಿ ಕಥೆಯಿದೆ.

ಬಿಡದಿಯ ಟೊಯೊಟ ಕಂಪನಿ ಗ್ಲಾಂಝಾ ಎಂದು ಹೆಸರಿಟ್ಟು ಮಾರುವ ಕಾರಿನದೂ ಇದೇ ಗೋಳು. ಮೂಲದಲ್ಲಿ ಅದು ಸುಜುಕಿ ಬಲೆನೊ. ಇಲ್ಲಿ ಅದರ ಎಂಜಿನ್ 1.2 ಲೀಟರ್. ಇದೇ ಕಾರು ಭಾರತದಿಂದಲೇ ದಕ್ಷಿಣ ಆಫ್ರಿಕಕ್ಕೆ ಹೋಗಿ ಸ್ಟಾರ್ಲೆಟ್ ಎಂದು ಹೆಸರು ಬದಲಿಸಿಕೊಳ್ಳುತ್ತದೆ. ಹೆಸರಿನ ಜೊತೆಗೆ ಎಂಜಿನ್ನೂ 1.5 ಲೀಟರ್ ಆಗುತ್ತದೆ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ನಮ್ಮ ಹಿರಿಯರು ಹೇಳಿದ್ದು ಮನುಷ್ಯರ ಬಗ್ಗೆ ಎಂದುಕೊಂಡಿದ್ದೆವು.

ಹಾಗಾದರೆ 1.5 ಲೀಟರಿನ ಎಂಜಿನ್ ನಮ್ಮಲ್ಲಿ ಇಲ್ಲವೇ? ಬ್ರೆಝಾ ಎಂಬ ಅಣ್ಣನ ಬಾನೆಟ್ ಎತ್ತಿ ನೋಡಿ. ಅದೇ 1.5 ಲೀಟರ್, ಅದೇ ಆರು ಗೇರಿನ ಆಟೊಮ್ಯಾಟಿಕ್, ನಮ್ಮ ಬೀದಿಯಲ್ಲೇ ಓಡಾಡುತ್ತಿದೆ. ಎಂಜಿನ್ ಇದೆ, ಗೇರ್‌ಬಾಕ್ಸ್ ಇದೆ, ಕೂರಿಸಲು ಕಾರೂ ಇದೆ. ನಡುವೆ ಅಡ್ಡ ನಿಂತಿರುವುದು ಒಂದು ತೆರಿಗೆಯ ಗೆರೆ. ಬ್ರೆಝಾ ಆ ಗೆರೆ ದಾಟಿದ ತಪ್ಪಿಗೆ ಹೆಚ್ಚಿನ ತೆರಿಗೆ ಕಟ್ಟಿಕೊಂಡು ಬದುಕುತ್ತಿದೆ. ಎಲ್ಲರಿಗೂ ಅಷ್ಟು ಧೈರ್ಯ ಬರುವುದಿಲ್ಲ.

ಆ ಗೆರೆ ಎಳೆದದ್ದು 2006ರ ಫೆಬ್ರುವರಿಯ ಬಜೆಟ್ಟಿನಲ್ಲಿ. ಅಂದಿನ ಹಣಕಾಸು ಸಚಿವ ಪಿ. ಚಿದಂಬರಂ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿದರು. ಸಣ್ಣ ಕಾರೆಂದರೆ ಯಾವುದು? ಉದ್ದ ನಾಲ್ಕು ಮೀಟರ್ ಮೀರಬಾರದು. ಪೆಟ್ರೋಲಾದರೆ 1,200 ಸಿಸಿ, ಡೀಸೆಲಾದರೆ 1,500 ಸಿಸಿ ದಾಟಬಾರದು. ಎಷ್ಟು ಹೊಗೆ ಬಿಡುತ್ತದೆ, ಡಿಕ್ಕಿಯಾದರೆ ಒಳಗಿದ್ದವರು ಉಳಿಯುತ್ತಾರೆಯೇ, ಎಷ್ಟು ಎಣ್ಣೆ ಕುಡಿಯುತ್ತದೆ ಎಂಬುದನ್ನು ಆ ವ್ಯಾಖ್ಯೆ ಕೇಳಲಿಲ್ಲ. ಅಳತೆಪಟ್ಟಿ ಹಿಡಿದು ಬಂಪರಿನಿಂದ ಬಂಪರಿಗೆ ಅಳೆಯಿತು, ಅಷ್ಟೆ. ಅಂದಿನಿಂದ ಈ ದೇಶದ ಎಂಜಿನ್ನುಗಳಿಗೆಲ್ಲ ಬ್ರಹ್ಮ ಕಂದಾಯ ಇಲಾಖೆಯಲ್ಲೇ ಕೂತಿದ್ದಾನೆ.

ಪರಿಣಾಮ ನೋಡಿ. ಸ್ವಿಫ್ಟ್ 2005ರಲ್ಲಿ ಬಂದಾಗ, ಅಂದರೆ ಗೆರೆ ಹುಟ್ಟುವ ಮುಂಚೆ, ಅದರ ಎಂಜಿನ್ 1,298 ಸಿಸಿ. 2010ರಲ್ಲಿ ಅದು 1,197ಕ್ಕೆ ಇಳಿಯಿತು. ಹ್ಯುಂಡೈ ತನ್ನದನ್ನೂ 1,197ಕ್ಕೆ ನಿಲ್ಲಿಸಿತು. ಜರ್ಮನಿಯ ಫೋಕ್ಸ್‌ವ್ಯಾಗನ್ನಿನ ಟರ್ಬೊ ಕೂಡ 1,197. ಟಾಟಾ 1,199. ಹೋಂಡಾ 1,199. ಕೊರಿಯ, ಜಪಾನ್, ಜರ್ಮನಿ, ಪುಣೆ, ನಾಲ್ಕು ದಿಕ್ಕಿನ ಎಂಜಿನಿಯರುಗಳು ದಹನಶಾಸ್ತ್ರವನ್ನು ಅರೆದು ಕುಡಿದು ಬಂದು ಮುಟ್ಟಿದ್ದು ಒಂದೇ ಸತ್ಯವನ್ನು. 1,201 ಸಿಸಿಯ ಎಂಜಿನ್ನಿನಲ್ಲಿ ಅದೇನೋ ಗುಣಪಡಿಸಲಾಗದ ದೋಷವಿರಬೇಕು, ಯಾರೂ ಅದನ್ನು ಮಾಡಲಿಲ್ಲ. ಟರ್ಬೊ ಒಂದೇ ಲೀಟರಿನದು ಏಕೆಂಬ ಪ್ರಶ್ನೆಗೂ ಇದೇ ಉತ್ತರ: ಸಿಸಿ ಬೆಳೆಸಿದರೆ ತೆರಿಗೆ, ಗಾಳಿ ಒತ್ತಿ ತುಂಬಿದರೆ ತೆರಿಗೆಯಿಲ್ಲ.

ಉದ್ದದ ಕಥೆ ಇನ್ನೂ ರಸವತ್ತಾದದ್ದು. 2008ರಲ್ಲಿ ಟಾಟಾ ಇಂಡಿಗೊ ಸಿಎಸ್ 3,988 ಮಿಲಿಮೀಟರಿನಲ್ಲಿ ಬಂದು ನಾಲ್ಕು ಮೀಟರಿನೊಳಗಿನ ಸೆಡಾನ್ ಎಂಬ ಹೊಸ ಜೀವಿಯನ್ನು ಜಗತ್ತಿಗೆ ತೋರಿಸಿತು. ಅದೇ ವರ್ಷ ಹುಟ್ಟಿದ ಸ್ವಿಫ್ಟ್ ಡಿಸೈರ್ 4,160 ಮಿಲಿಮೀಟರ್ ಉದ್ದವಿದ್ದು ಸುಂಕ ಕಟ್ಟುತ್ತಿತ್ತು. 2012ರ ಹೊಸ ಡಿಸೈರಿನ ಹಿಂಭಾಗವನ್ನು, ಬೆಳೆದ ಹುಡುಗನ ಪ್ಯಾಂಟನ್ನು ಕತ್ತರಿಸಿ ಚಡ್ಡಿ ಮಾಡಿದ ಹಾಗೆ, ಕೊಯ್ದು 3,995ಕ್ಕೆ ತಂದರು. ಲಗೇಜು ಇಡುವ ಜಾಗ ಹೋಯಿತು, ಸುಂಕ ಇಳಿಯಿತು, ಮಾರಾಟ ಏರಿತು. ಈಗ ಡಿಸೈರ್, ಅಮೇಜ್, ವೆನ್ಯೂ, ಸೊನೆಟ್, ಬ್ರೆಝಾ, ಐ20, ಕೈಲಾಕ್ ಎಲ್ಲವೂ 3,995. ಬೆಳವಣಿಗೆ ಇಷ್ಟು ಶಿಸ್ತಾಗಿ ನಿಂತ ಪೀಳಿಗೆಯನ್ನು ಯಾವ ಶಾಲೆಯ ವಾರ್ಷಿಕ ಫೋಟೊದಲ್ಲೂ ಕಾಣಲಾರಿರಿ.

ಇದೇ ಐ20 2020ರಲ್ಲಿ ಬಂದಾಗ ಯೂರೋಪಿನಲ್ಲಿ 4,040 ಮಿಲಿಮೀಟರ್ ಇತ್ತು. ನಮ್ಮಲ್ಲಿ ಕಮ್ಮಿಯಾದ 45 ಮಿಲಿಮೀಟರನ್ನು ಬಂಪರಿನಿಂದ ತೆಗೆದಿದ್ದಾರೆ, ಹೋಗಲಿ ಬಿಡಿ. ಆದರೆ ಅಲ್ಲಿನವರಿಗೆ ಐ20 ಎನ್ ಎಂಬ ಉಗ್ರಾವತಾರವೂ ಸಿಕ್ಕಿತು: 1.6 ಲೀಟರ್ ಟರ್ಬೊ, 204 ಅಶ್ವಶಕ್ತಿ, ಆರು ಗೇರು. ನಮಗೆ 2021ರಲ್ಲಿ ಬಂದದ್ದು ಐ20 ಎನ್ ಲೈನ್. ಒಂದು ಲೀಟರ್, 120 ಅಶ್ವಶಕ್ತಿ, ಜೊತೆಗೆ ಕೊಂಚ ಬಿಗಿಯಾದ ಸಸ್ಪೆನ್ಷನ್, ಗುಡುಗುವಂತೆ ತಿದ್ದಿದ ಸೈಲೆನ್ಸರ್, ಕೆಂಪು ಗೆರೆಗಳು. ‘ಲೈನ್’ ಎಂಬ ಎರಡಕ್ಷರ ಸೇರಿದ್ದಕ್ಕೆ 84 ಕುದುರೆಗಳು ಲಾಯದಿಂದ ಓಡಿಹೋದವು. ಸದ್ದು ಮಾತ್ರ ಉಳಿದಿದೆ. ನಮ್ಮ ಸಾರ್ವಜನಿಕ ಜೀವನದ ಅಭ್ಯಾಸ ಇದ್ದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಜಪಾನಿನ ಸ್ವಿಫ್ಟ್ ಸ್ಪೋರ್ಟ್ ಬಗ್ಗೆ ಹೆಚ್ಚು ಹೇಳುವುದು ಕ್ರೌರ್ಯವಾದೀತು. 1.4 ಲೀಟರ್ ಟರ್ಬೊ, 140 ಅಶ್ವಶಕ್ತಿ, ತೂಕ 970 ಕೆ.ಜಿ. ಅದು ‘ಬರುತ್ತದಂತೆ’ ಎಂಬ ಸುದ್ದಿ ಕೇಳುತ್ತಲೇ ಒಂದು ತಲೆಮಾರಿನ ಹುಡುಗರಿಗೆ ಕೆಲಸ ಸಿಕ್ಕಿ, ಮದುವೆಯಾಗಿ, ಮಕ್ಕಳಾಗಿ, ಕೊನೆಗೆ ಅವರು ಡಿಸೈರ್ ಕೊಂಡರು.

ಹಾಗೆಂದು ನಾವೊಬ್ಬರೇ ಅಳಬೇಕಿಲ್ಲ. ಸುಂಕದವನ ಮುಂದೆ ಬಾಗದ ಎಂಜಿನ್ ಲೋಕದಲ್ಲೇ ಕಡಿಮೆ. ಬ್ರಿಟನ್ನಿನಲ್ಲಿ 1921ರಿಂದ ಅಶ್ವಶಕ್ತಿ ತೆರಿಗೆ ಹಾಕಿದರು. ಅಶ್ವಶಕ್ತಿಯನ್ನು ಲೆಕ್ಕ ಹಾಕಿದ್ದು ಸಿಲಿಂಡರಿನ ಅಗಲ ನೋಡಿ. ಎತ್ತರವನ್ನು ಕೇಳಲಿಲ್ಲ. ಸರಿ, ಇಂಗ್ಲಿಷ್ ಎಂಜಿನಿಯರುಗಳು ಕಡ್ಡಿಯಂತೆ ಸಪೂರ, ಉದ್ದುದ್ದ ಸಿಲಿಂಡರುಗಳನ್ನು ಮಾಡತೊಡಗಿದರು. ಎಂಜಿನ್ ಏದುಸಿರು ಬಿಟ್ಟಿತು, ಮಾಲೀಕನ ಕಿಸೆ ಉಸಿರಾಡಿತು. ಇಟಲಿಯಲ್ಲಿ ಎರಡು ಲೀಟರ್ ಮೀರಿದ ಕಾರಿಗೆ ಭಾರಿ ತೆರಿಗೆ ಬಿದ್ದಾಗ ಸಾಕ್ಷಾತ್ ಫೆರಾರಿಯೇ ತಲೆ ತಗ್ಗಿಸಿ, 1975ರಲ್ಲಿ 208 ಜಿಟಿ4 ಎಂಬ ಕಾರು ಮಾಡಿತು. ಎಂಟು ಸಿಲಿಂಡರ್, ಒಟ್ಟು 1,991 ಸಿಸಿ. ಭಾಗಿಸಿ ನೋಡಿದರೆ ಅದರ ಒಂದೊಂದು ಸಿಲಿಂಡರು ನಮ್ಮೂರ ಬುಲೆಟ್ಟಿನದಕ್ಕಿಂತ ಚಿಕ್ಕದು. ಬ್ರೆಜಿಲ್ 1990ರಲ್ಲಿ ಸಾವಿರ ಸಿಸಿಯೊಳಗಿನ ಕಾರಿಗೆ ತೆರಿಗೆ ಇಳಿಸಿದ್ದೇ ತಡ, ಫಿಯೆಟ್ ಸಾವಿರ ದಾಟುತ್ತಿದ್ದ ತನ್ನ ಎಂಜಿನ್ನನ್ನು 994ಕ್ಕೆ ಕುಗ್ಗಿಸಿ ಊನೊ ಮಿಲ್ಲೆ ಎಂದು ಮಾರಿತು. ಅಂದಿನಿಂದ ಒಂದು ಲೀಟರ್ ಎಂಬುದು ಬ್ರೆಜಿಲ್ಲಿನ ಮಧ್ಯಮವರ್ಗದ ಧರ್ಮವಾಗಿದೆ. ಅಲ್ಲಿನ ರೆನೋ ಕ್ವಿಡ್ಡಿಗೂ ಒಂದು ಲೀಟರೇ. ನಮ್ಮಲ್ಲಿ ಅದು 800 ಸಿಸಿಯಲ್ಲಿ ಹುಟ್ಟಿತ್ತು. ಬ್ರೆಜಿಲ್ಲಿನವರು ಅದರ ಒಡಲನ್ನು ಗಟ್ಟಿಮಾಡಿ ನಾಲ್ಕು ಏರ್‌ಬ್ಯಾಗ್ ತೊಡಿಸಿಕೊಂಡರು. ನಾವು ಮೈಲೇಜು ಕೇಳಿಕೊಂಡೆವು.

ಜಪಾನಿನದಂತೂ ಈ ಕಲೆಯ ಶಿಖರ. ಅಲ್ಲಿನ ಕೇ ಕಾರುಗಳಿಗೆ 660 ಸಿಸಿ, 3.4 ಮೀಟರ್ ಉದ್ದ, 1.48 ಮೀಟರ್ ಅಗಲದ ಮಿತಿ. 64 ಅಶ್ವಶಕ್ತಿ ಮೀರಬಾರದೆಂಬುದು ಕಂಪನಿಗಳು ತಮ್ಮತಮ್ಮಲ್ಲೇ ಮಾಡಿಕೊಂಡ ಸಜ್ಜನರ ಒಪ್ಪಂದ. ಆದರೆ ಅಲ್ಲಿ ಆ ಅಳತೆಗೊಂದು ಅರ್ಥವಿದೆ: ಕಿರುಗಲ್ಲಿಗೆ ಕಿರುಕಾರು, ನಿಲ್ಲಿಸಲು ಕಿರುಜಾಗ. ಅದಕ್ಕಿಂತ ದೊಡ್ಡದು ಬೇಕೆಂದವನಿಗೆ ಒಂದು ಲೀಟರಿನಿಂದ ಒಂದೂವರೆ ಲೀಟರಿನವರೆಗೆ ವರ್ಷಕ್ಕೆ 30,500 ಯೆನ್ ಎಂದು ಇನ್ನೊಂದು ಮೆಟ್ಟಿಲು. ಗುಜರಾತಿನ ಫ್ರಾಂಕ್ಸಿಗೆ 1.5 ಲೀಟರಿನ ಭಾಗ್ಯ ಬಂದದ್ದು ಆ ಮೆಟ್ಟಿಲಿನ ಅಂಚಿನಲ್ಲಿ ನಿಂತು. ಅಲ್ಲಿಯೂ ಬ್ರಹ್ಮ ಸುಂಕದವನೇ. ಕೈ ಸ್ವಲ್ಪ ಧಾರಾಳ.

ಎಂಜಿನ್ ಕಥೆ ಇಷ್ಟಾದರೆ ಗೇರ್‌ಬಾಕ್ಸಿನದು ಬೇರೆ ಪುರಾಣ. ಇಲ್ಲಿ ಸುಂಕದವನ ಕೈ ಕಡಿಮೆ, ನಮ್ಮ ಕೈಯೇ ಜಾಸ್ತಿ.

2014ರಲ್ಲಿ ಸೆಲೆರಿಯೊ ಕಾರಿನೊಂದಿಗೆ ಎಎಂಟಿ ಭಾರತದ ಜನಸಾಮಾನ್ಯರ ಬದುಕಿಗೆ ಬಂತು. ಮೂಲದಲ್ಲಿ ಅದೊಂದು ಸಾದಾ ಮ್ಯಾನುಯಲ್ ಗೇರ್‌ಬಾಕ್ಸ್. ಕ್ಲಚ್ಚು ಒತ್ತುವ, ಗೇರು ತಳ್ಳುವ ಕೆಲಸಕ್ಕೆ ಒಂದು ಯಾಂತ್ರಿಕ ಕೈಯನ್ನು ನೇಮಿಸಲಾಗಿದೆ. ಅಗ್ಗ, ಹಗುರ, ರಿಪೇರಿಯೂ ಸುಲಭ. ಯೂರೋಪಿನವರು ಇದನ್ನು ಬಳಸಿ ನೋಡಿ, ಕತ್ತು ನೋಯಿಸಿಕೊಂಡು, ಬಹುಪಾಲು ಡ್ಯುಯಲ್ ಕ್ಲಚ್ಚಿಗೆ ಜಾರಿಕೊಂಡರು. ನಾವು ಆರತಿ ಎತ್ತಿ ಒಳಗೆ ಕರೆದುಕೊಂಡೆವು. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಎಎಂಟಿ ಕಾರು ಹತ್ತಿಸಿದವರಿಗೆ ಅದರ ಕಾರ್ಯವೈಖರಿ ಗೊತ್ತು. ಎರಡನೇ ಗೇರಿನಿಂದ ಮೊದಲನೆಯದಕ್ಕೆ ಇಳಿಯಬೇಕೆಂಬ ಅರ್ಜಿ ಹೋಗುತ್ತದೆ. ಅರ್ಜಿ ಸ್ವೀಕೃತವಾಗುತ್ತದೆ. ಕಡತ ಮುಂದಿನ ಮೇಜಿಗೆ ಸರಿಯುತ್ತದೆ. ಅಷ್ಟರಲ್ಲಿ ಕಾರು ನಿಂತಂತಾಗಿ, ಒಳಗಿದ್ದವರೆಲ್ಲ ಒಮ್ಮೆಗೇ ಹೌದೌದೆಂದು ತಲೆಯಾಡಿಸುತ್ತಾರೆ. ಹಿಂದೆ ಬರುವ ಬಸ್ಸಿನ ಚಾಲಕ ಹಾರ್ನಿನಲ್ಲಿ ತನ್ನ ಆಕ್ಷೇಪಣೆ ದಾಖಲಿಸುತ್ತಾನೆ. ಕೊನೆಗೆ ಮಂಜೂರಾತಿ ಬರುತ್ತದೆ.

2024ರ ಹೊಸ ಸ್ವಿಫ್ಟನ್ನೇ ತೆಗೆದುಕೊಳ್ಳಿ. ಮೂರು ಸಿಲಿಂಡರಿನ 1.2 ಲೀಟರ್ ಎಂಜಿನ್ ಜಪಾನಿಗೂ ಅದೇ, ಯೂರೋಪಿಗೂ ಅದೇ, ನಮಗೂ ಅದೇ. ಮೊದಲ ಸಲ ಎಲ್ಲರೂ ಸಮಾನರು ಎಂದು ಹಿಗ್ಗುವ ಹೊತ್ತಿಗೆ ಜೊತೆಗಿನ ಗೇರ್‌ಬಾಕ್ಸ್ ನೋಡಿ. ಜಪಾನಿಗೆ ಬೆಣ್ಣೆಯಂಥ ಸಿವಿಟಿ, ಮೈಲ್ಡ್ ಹೈಬ್ರಿಡ್, ಬೇಕಿದ್ದವರಿಗೆ ನಾಲ್ಕು ಚಕ್ರದ ಎಳೆತ. ಯೂರೋಪಿಗೂ ಹೆಚ್ಚುಕಡಿಮೆ ಅದೇ. ನಮಗೆ ಹೈಬ್ರಿಡ್ ಇಲ್ಲ, ಐದು ಗೇರಿನ ಮ್ಯಾನುಯಲ್ ಮತ್ತು ಮೇಲೆ ಹೇಳಿದ ಕಡತ ವಿಲೇವಾರಿ ಯಂತ್ರ.

ಆದರೆ ಕಂಪನಿಯ ಜಾಣತನವನ್ನು ಮೆಚ್ಚಬೇಕು. ಲೀಟರಿಗೆ ಮ್ಯಾನುಯಲ್ 24.80 ಕಿ.ಮೀ. ಕೊಟ್ಟರೆ ಎಎಂಟಿ 25.75 ಕೊಡುತ್ತದೆ ಎಂಬುದು ಅಧಿಕೃತ ಲೆಕ್ಕ. ಮನುಷ್ಯನಿಗಿಂತ ಯಂತ್ರ ಮಿತವ್ಯಯಿ ಹೇಗಾಯಿತು? ಈ ಪರೀಕ್ಷೆ ನಡೆಯುವುದು ಪ್ರಯೋಗಾಲಯದ ಉರುಳೆಗಳ ಮೇಲೆ, ಬರೆದಿಟ್ಟ ವೇಗದಲ್ಲಿ, ಗಂಟೆಗೆ 90 ಕಿ.ಮೀ. ದಾಟದೆ. ಅಲ್ಲಿ ಗುಂಡಿಯಿಲ್ಲ, ಘಾಟಿಯಿಲ್ಲ, ಹಿಂದೆ ಬಸ್ಸೂ ಇಲ್ಲ. ಮಾರ್ಗದರ್ಶಿ ಪುಸ್ತಕದಲ್ಲಿರುವ ಪ್ರಶ್ನೆಯೇ ಪರೀಕ್ಷೆಯಲ್ಲಿ ಬರುತ್ತದೆಂದು ಖಾತ್ರಿಯಿದ್ದರೆ ಉಳಿದ ಪಾಠ ಓದುವ ವಿದ್ಯಾರ್ಥಿ ಯಾರಿದ್ದಾನೆ? ಹಾಗಾಗಿ ತಂತ್ರಾಂಶ ಸಿಕ್ಕಸಿಕ್ಕಲ್ಲಿ ಮೇಲಿನ ಗೇರಿಗೆ ಹಾರುತ್ತದೆ, ಅಂಕ ಗಿಟ್ಟಿಸುತ್ತದೆ.

ಈ ಅಂಕ ಬೇಕಾಗಿದ್ದು ಯಾರಿಗೆ? ನಮಗೆ. ‘ಎಷ್ಟು ಕೊಡುತ್ತೆ?’ ಎಂದು ಕೇಳದೆ ಈ ನಾಡಿನಲ್ಲಿ ಯಾರೂ ಕಾರಿನ ಬಾಗಿಲು ತೆರೆದದ್ದಿಲ್ಲ. ಈ ಪ್ರಶ್ನೆಗೆ ಬಲಿಯಾದವರ ಪಟ್ಟಿ ದೊಡ್ಡದು. ಫಿಯೆಟ್ಟಿನ 1.3 ಲೀಟರ್ ಡೀಸೆಲ್ ಎಂಜಿನ್ ಸ್ವಿಫ್ಟಿಗೆ, ಇಂಡಿಕಾ ವಿಸ್ಟಾಗೆ, ಪುಂಟೊಗೆ, ಬ್ರೆಝಾಗೆ ಎಲ್ಲದಕ್ಕೂ ಹೊಕ್ಕು ರಾಷ್ಟ್ರೀಯ ಎಂಜಿನ್ ಎನಿಸಿಕೊಂಡಿತ್ತು. ಷೆವರ್ಲೆ ಬೀಟ್ ಎಂಬ ಪುಟ್ಟ ಕಾರಿನ ಹೊಟ್ಟೆಗೂ ಡೀಸೆಲ್ ತುಂಬಬೇಕಾದಾಗ 2011ರಲ್ಲಿ ಅದರ ನಾಲ್ಕು ಸಿಲಿಂಡರುಗಳಲ್ಲಿ ಒಂದನ್ನು ಕಡಿದೇಬಿಟ್ಟರು. 1,248ರಲ್ಲಿ ಕಾಲುಭಾಗ ಕಳೆದರೆ 936. ಕಾರಿನ ಸಿಸಿಯೂ ಕರಾರುವಾಕ್ಕಾಗಿ 936. ಎಂಜಿನಿಯರಿಂಗಿನಲ್ಲಿ ಇಷ್ಟು ಪ್ರಾಮಾಣಿಕ ವ್ಯವಕಲನ ಅಪರೂಪ.

ಷೋರೂಮಿನ ಸಂಭಾಷಣೆಯೂ ಈಗ ಗಾದೆಯಷ್ಟೇ ಸ್ಥಿರವಾಗಿದೆ.

‘ಆಟೊಮ್ಯಾಟಿಕ್ ಇದೆಯಾ?’

‘ಇದೆ ಸಾರ್, ಟಾಪ್ ಮಾಡೆಲ್‌ನಲ್ಲಿ ಮಾತ್ರ.’

‘ಟರ್ಬೊ?’

‘ಇದೆ ಸಾರ್, ಆರ್ಡರ್ ಹಾಕಬೇಕು. ಯಾರೂ ತಗೊಳ್ಳಲ್ಲ.’

‘ಯಾಕೆ ತಗೊಳ್ಳಲ್ಲ?’

‘ಷೋರೂಮಲ್ಲಿ ಇರಲ್ಲ ಅಲ್ವಾ ಸಾರ್. ಸನ್‌ರೂಫ್ ಇರೋದು ರೆಡಿ ಇದೆ, ನೋಡ್ತೀರಾ?’

ನೋಡುತ್ತೇವೆ. ಆರು ಗೇರಿಗೆ ಕೊಡಲಾರದ ದುಡ್ಡು ಸೂರಿನ ಕಿಂಡಿಗೆ ಹೇಗೋ ಹೊಂದಿಬರುತ್ತದೆ. ಎಂಜಿನ್ನು ಬಾನೆಟ್ಟಿನಡಿ ಇರುತ್ತದೆ, ಯಾರಿಗೆ ಕಾಣುತ್ತದೆ? ಕಿಂಡಿಯಿಂದ ತಲೆ ಹೊರಹಾಕಿ ನಿಂತ ಮಗು ಇಡೀ ಬಡಾವಣೆಗೆ ಕಾಣುತ್ತದೆ. ಟರ್ಬೊ ಯಾರೂ ಕೇಳುವುದಿಲ್ಲವೆಂದು ಕಂಪನಿ ನಿಲ್ಲಿಸುತ್ತದೆ, ಕಂಪನಿ ನಿಲ್ಲಿಸಿದ ಮೇಲೆ ನಾವು ಕೇಳತೊಡಗುತ್ತೇವೆ. ಹಾಗೆ ಕೇಳುವುದರಲ್ಲಿ ನಮಗೆ ಖರ್ಚಿಲ್ಲ.

ಬೆಂಗಳೂರಿನವರಿಗೆ ಇದರಲ್ಲಿ ವಿಶೇಷ ಪಾಲಿದೆ. ಟರ್ಬೊ ಇಲ್ಲದ ಎಂಜಿನ್ ಸಮುದ್ರಮಟ್ಟದಿಂದ ನೂರು ಮೀಟರ್ ಮೇಲೇರಿದಂತೆಲ್ಲ ಸುಮಾರು ಶೇ 1ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಗಾಳಿ ತೆಳುವಾಗುವುದೇ ಕಾರಣ. ಬೆಂಗಳೂರು 900 ಮೀಟರಿಗೂ ಮೇಲಿದೆ. ಎಂದರೆ ಬ್ರೋಷರಿನ 90 ಅಶ್ವಶಕ್ತಿಯಲ್ಲಿ ಎಂಟೊಂಬತ್ತು ಕುದುರೆಗಳು ಘಾಟಿ ಹತ್ತುವಾಗಲೇ ತಪ್ಪಿಸಿಕೊಂಡಿರುತ್ತವೆ. ಜೋಹಾನ್ಸ್‌ಬರ್ಗ್ 1,700 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿನವರಿಗೆ 1.5 ಲೀಟರ್ ಏಕೆ ಬೇಕೆಂದು ಗಾಳಿಯೇ ಹೇಳಿಕೊಡುತ್ತದೆ. ಮಡಿಕೇರಿಯ ಗಾಳಿಯೂ ಅದನ್ನೇ ಹೇಳುತ್ತಿದೆ, ಅಳತೆಪಟ್ಟಿಗೆ ಕಿವಿಯಿಲ್ಲ.

ಇನ್ನೂ ಒಂದು ತಮಾಷೆ. ಜಗತ್ತಿನ ಬೇರೆಬೇರೆ ಮಾರುಕಟ್ಟೆಗಳ ಕಾರುಗಳಿಗೆ ಬೇಕಾದ ತಂತ್ರಾಂಶದ ಎಷ್ಟೋ ಕೆಲಸ ನಡೆಯುವುದು ಬಾಷ್, ಮರ್ಸಿಡಿಸ್ ಬೆಂಝ್ ಮುಂತಾದವರ ಬೆಂಗಳೂರಿನ ಕಚೇರಿಗಳಲ್ಲಿ. ಮಿತಿಯಿಲ್ಲದ ಜರ್ಮನ್ ಹೆದ್ದಾರಿಯಲ್ಲಿ ಓಡುವ ಕಾರಿಗೆ ದುಡಿದ ಕನ್ನಡದ ಹುಡುಗಿ ಸಂಜೆ ತನ್ನ ಎಎಂಟಿಯಲ್ಲಿ ಸಿಲ್ಕ್ ಬೋರ್ಡ್ ದಾಟಲು ಒಂದನೇ ಗೇರಿನ ಮಂಜೂರಾತಿಗೆ ಕಾಯುತ್ತಿರುತ್ತಾಳೆ. ಬಿಡದಿಯಲ್ಲಿ ತಯಾರಾದ ಗೇರ್‌ಬಾಕ್ಸುಗಳು ಥಾಯ್ಲೆಂಡಿಗೂ ದಕ್ಷಿಣ ಆಫ್ರಿಕಕ್ಕೂ ಹೋಗುತ್ತವೆ. ಅದೇ ಬಿಡದಿಯಲ್ಲಿ 2022ರಿಂದ ತಯಾರಾದ ಹೈರೈಡರ್, ಗ್ರ್ಯಾಂಡ್ ವಿಟಾರಗಳಲ್ಲಿ ನಾಲ್ಕು ಚಕ್ರದ ಎಳೆತ ಬೇಕೆಂದವರಿಗೆ ಶುರುವಿನಲ್ಲಿ ಸಿಕ್ಕಿದ್ದು ಮ್ಯಾನುಯಲ್ ಗೇರು ಮಾತ್ರ. ಕೆಸರೂ ಬೇಕು, ಸುಖವೂ ಬೇಕು ಎಂದರೆ ಹೇಗೆ? ಊರಿನವರಿಗೆಂದು ಕಳಂಕವಿಲ್ಲದೆ ಉಳಿದಿರುವುದು ಬಿಡದಿಯ ತಟ್ಟೆ ಇಡ್ಲಿ ಒಂದೇ.

ಇಷ್ಟೆಲ್ಲ ನೋಡಿದ ಸರ್ಕಾರಕ್ಕೆ 2025ರಲ್ಲಿ ಜ್ಞಾನೋದಯವಾಯಿತು. ಜಿಎಸ್‌ಟಿಯನ್ನು ಸರಳ ಮಾಡಿದರು. ಹಿಂದೆ ಸಣ್ಣ ಪೆಟ್ರೋಲ್ ಕಾರಿಗೆ ಸೆಸ್ ಸೇರಿ ಶೇ 29 ಇತ್ತು, 1.5 ಲೀಟರ್ ಪೆಟ್ರೋಲ್ ಎಂಜಿನ್ ಹೊತ್ತದ್ದಕ್ಕೆ, ಉದ್ದ ನಾಲ್ಕು ಮೀಟರಿನೊಳಗಿದ್ದರೂ, ಶೇ 45. ಸೆಪ್ಟೆಂಬರ್ 22ರಿಂದ ಮೊದಲನೆಯದು ಶೇ 18, ಎರಡನೆಯದು ಶೇ 40. ತೆರಿಗೆ ಇಳಿಯಿತೆಂದು ಎಲ್ಲರೂ ಸಿಹಿ ಹಂಚಿದರು. ಕಳೆಯುವ ಲೆಕ್ಕ ಮಾಡಿದವರು ಕಡಿಮೆ: ಎರಡರ ನಡುವಿನ ಅಂತರ ಮೊದಲು 16 ಇದ್ದದ್ದು ಈಗ 22. ಕಾಲುವೆಯನ್ನು ಮುಚ್ಚುವ ಬದಲು ಅಗಲ ಮಾಡಿದ್ದಾರೆ. ಅಳತೆಪಟ್ಟಿ ಅದೇ, ನಾಲ್ಕು ಮೀಟರ್. ಸಿಸಿ ಅದೇ, 1,200. ಕಡಿಮೆ ಪೆಟ್ರೋಲು ಕುಡಿಯುವ 1.5 ಲೀಟರಿನ ಹೈಬ್ರಿಡ್ ಶೇ 40ರ ಪಂಕ್ತಿಯಲ್ಲಿ ಕೂತರೆ, ಘಾಟಿಯಲ್ಲಿ ಏದುಸಿರು ಬಿಡುತ್ತ ಹೆಚ್ಚು ಕುಡಿಯುವ 1.2 ಲೀಟರಿಗೆ ಶೇ 18ರ ಮಣೆ. ಯೂರೋಪಿನ ಹಲವು ದೇಶಗಳು ಕಿಲೋಮೀಟರಿಗೆ ಎಷ್ಟು ಗ್ರಾಂ ಇಂಗಾಲ ಉಗುಳುತ್ತದೆಂದು ಅಳೆದು ತೆರಿಗೆ ಹಾಕುತ್ತವೆ. ಅದಕ್ಕೆ ಯಂತ್ರ ಬೇಕು, ಪ್ರಯೋಗಾಲಯ ಬೇಕು, ತಲೆ ಬೇಕು. ಅಳತೆಪಟ್ಟಿ ಯಾವ ಸ್ಟೇಷನರಿ ಅಂಗಡಿಯಲ್ಲೂ ಸಿಗುತ್ತದೆ.

ಆದ್ದರಿಂದ ಹೊಸ ಕಾರು ನೋಡಲು ಹೊರಟವರಿಗೆ ಒಂದು ಕಿವಿಮಾತು. ಜೊತೆಗೆ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗಬೇಡಿ, ಮೆಕ್ಯಾನಿಕಲ್ ಓದಿದ ಅಳಿಯನನ್ನೂ ಕರೆದುಕೊಂಡು ಹೋಗಬೇಡಿ. ನಿಮ್ಮ ಚಾರ್ಟರ್ಡ್ ಅಕೌಂಟೆಂಟನ್ನು ಕರೆಯಿರಿ. ಬಾನೆಟ್ ಎತ್ತಿದಾಗ ಒಳಗಿರುವುದು ಏನು, ಏಕೆ ಅಷ್ಟೇ ಇದೆ ಎಂದು ವಿವರಿಸಬಲ್ಲವರು ಅವರೊಬ್ಬರೇ.